ಗಣಕಯಂತ್ರಕ್ಕೊಂದು ಬಾಲಬೋಧೆ

ಶಾಲೆಯನ್ನು ನೋಡಿಹೋಗಲು ಬರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು, ಗಣಕಯಂತ್ರದ ಕೊಠಡಿಯಲ್ಲಿ ಪ್ರತಿಯೊಂದು ಮೇಜಿನ ಬದಿಗೆ ದಾರದಿಂದ ಕಟ್ಟಿ ತೂಗಿಸಿರುವ ಚಿಕ್ಕ ಪುಸ್ತಕವನ್ನು ಕಂಡು, ಅದು ಏನೆಂದು ವಿಚಾರಿಸುವದುಂಟು. ಕೆಲವರು ಅದರ ಪ್ರತಿಯನ್ನು ತಮ್ಮ ಮನೆಗೂ ಬೇಡಿದ್ದಾರೆ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅದರ ವೃತ್ತಾಂತವನ್ನೂ, ಅಂಥ ಪುಸ್ತಕವನ್ನು ಯಾವ ಕ್ರಮದಿಂದ ಜೋಡಿಸಬೇಕೆಂದು ನಾವು ಕಷ್ಟಪಟ್ಟು ಕಲಿತದ್ದನ್ನೂ ತಿಳಿಸುವದು ಯುಕ್ತವೆಂದು ತೋರಿತು. ಪುಸ್ತಕವು 48 ಪುಟಗಳದ್ದು. ಮುದ್ರಣಾಲಯದಲ್ಲಿ ಅಚ್ಚಾದದ್ದಲ್ಲ, ಜೆರಾಕ್ಸ್ ಮಾಡಿ ಹೊಲಿದದ್ದು. ನಾವು ಮೊದಲು ಬರೆದದ್ದು ಇದಲ್ಲ. ಮೊದಲನೆಯದು ಇದಕ್ಕಿಂತ ದೊಡ್ಡದಾಗಿಯೂ ಅಂದವಾಗಿಯೂ ಇತ್ತು. ಅದನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಆ ಪುಸ್ತಕ ಬೇಕಾದ ಕಾರಣವನ್ನು ಮೊದಲು ಹೇಳುವೆವು. ನಮ್ಮ ಕೊಠಡಿಯಲ್ಲಿರುವ 14 ಗಣಕಯಂತ್ರಗಳು ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಬೇರೆ ಬೇರೆ ವರುಷಗಳಲ್ಲಿ ಕೊಟ್ಟ ಕಾಣಿಕೆಗಳಾಗಿವೆ. ಗಣಕಯಂತ್ರವೆಂಬದು ತಾನಾಗಿ ಏನನ್ನೂ ಅರಿಯದು. ಕೀಲಿಮಣೆಯ ಒತ್ತನ್ನು ಅಕ್ಷರವಾಗಿ ತೆರೆಯ ಮೇಲೆ ತೋರಿಸುವ, ಕಡತಗಳನ್ನು ಜೋಪಾನವಾಗಿಡುವ, ಮುದ್ರಣಯಂತ್ರಕ್ಕೆ ಅಪ್ಪಣೆ ಕೊಡುವ ಒಂದು ಮೂಲ ತಂತ್ರಾಂಶ ಅದಕ್ಕೆ ಬೇಕು. ಅದನ್ನೇ ಆಪರೇಟಿಂಗ್ ಸಿಸ್ಟಮ್ ಎನ್ನುವರು. ನಮ್ಮ ಯಂತ್ರಗಳಲ್ಲಿದ್ದದ್ದು ವಿಂಡೋಸ್ 10. ಅದರ ಉಚಿತವಾದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ನಿಂತಿತು. ಮುಂದಿನದಾದ ವಿಂಡೋಸ್ 11ಕ್ಕೆ ಹೊಸ ಬಗೆಯ ಸಂಸ್ಕಾರಕವೂ ಟಿಪಿಎಂ 2.0 ಎಂಬ ರಕ್ಷಣೆಯ ಏರ್ಪಾಡೂ ಬೇಕಾಗಿರುವದರಿಂದ, ನಮ್ಮವುಗಳಲ್ಲಿ ಒಂದಾದರೂ ಅದಕ್ಕೆ ತಕ್ಕದ್ದಾಗಿರಲಿಲ್ಲ. ಕಾಣಿಕೆಯಾಗಿ ಬಂದ ವಸ್ತುವನ್ನು, ಅದು ಇನ್ನೂ ಓಡುತ್ತಿರುವಾಗ, ಗುಜರಿಯವನಿಗೆ ಕೊಡಲು ನಮ್ಮ ಮನಸ್ಸು ಒಪ್ಪಲಿಲ್ಲ. ಕೊಟ್ಟವರ ಹೆಸರುಗಳು ಅವುಗಳ ಮೇಲೆ ಇನ್ನೂ ಅಂಟಿಸಲ್ಪಟ್ಟಿವೆ.

ಆಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಲಿನಕ್ಸ್ ಎಂಬದನ್ನು ಹಾಕಿ ನೋಡಿರೆಂದು ಸೂಚಿಸಿದಳು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಉಪಯೋಗಿಸಬಹುದು, ಹಂಚಬಹುದು, ತಿದ್ದಬಹುದು. ಇದರ ನಾನಾ ರೂಪಗಳಲ್ಲಿ ಹಳೆಯ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಮಿಂಟ್ 22ನ್ನು ನಾವು ಆರಿಸಿಕೊಂಡೆವು. 2024ರ ಜುಲೈಯಲ್ಲಿ ಹೊರಬಂದ ಇದಕ್ಕೆ 2029ರ ವರೆಗೆ ಬೆಂಬಲವಿದೆ. ಯಂತ್ರಗಳು ಉಳಿದವು. ಆದರೆ ತೆರೆಯ ಮೇಲಿನ ನೋಟವೆಲ್ಲ ಬದಲಾಯಿತು. ಹತ್ತು ವರುಷ ಒಂದೇ ಮೂಲೆಯಲ್ಲಿ ಒಂದೇ ಗುಂಡಿಯನ್ನು ಒತ್ತಿ ರೂಢಿಯಾದ ಉಪಾಧ್ಯಾಯಿನಿಯರಿಗೆ, ಮನೆಯ ಅಡಿಗೆಕೋಣೆಯ ಡಬ್ಬಿಗಳನ್ನೆಲ್ಲ ಯಾರೋ ರಾತ್ರಿ ಬದಲಾಯಿಸಿಟ್ಟಂತಾಯಿತು. ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುವದು ಅವಶ್ಯವಾಯಿತು.

ನಾವು ತರಬೇತು ಹೊಂದಿದ ಉಪಾಧ್ಯಾಯಿನಿಯರೆಂಬ ಧೈರ್ಯದಿಂದ ಕುಳಿತು ಬರೆದೆವು. ಮೊದಲನೆಯ ಅಧ್ಯಾಯ, ಆಪರೇಟಿಂಗ್ ಸಿಸ್ಟಮ್ ಎಂದರೇನು. ಎರಡನೆಯದು, ಅದರ ಚರಿತ್ರೆ. ಆಮೇಲೆ ಯಂತ್ರದ ಅಂಗಗಳು. ಆಮೇಲೆ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ನೋಡುವ ವಿಧಾನ. ಆಮೇಲೆ ಅದನ್ನು ಯಂತ್ರದೊಳಗೆ ಸ್ಥಾಪಿಸುವ ವಿಧಾನ. ಹೀಗೆ 90 ಪುಟಗಳು. ಓದಿದವರೆಲ್ಲರೂ ಮೆಚ್ಚಿದರು. ಅದರಲ್ಲಿ ಸುಳ್ಳಾದ ಒಂದು ವಾಕ್ಯವೂ ಇರಲಿಲ್ಲವೆಂದು ಈಗಲೂ ಹೇಳಬಲ್ಲೆವು.

ನಮ್ಮಲ್ಲಿ ನಿವೃತ್ತಿಗೆ ಎರಡು ವರುಷ ಮಾತ್ರ ಉಳಿದಿರುವ, ನಮಗಿಂತ ಹಿರಿಯರಾದ ಉಪಾಧ್ಯಾಯಿನಿಯೊಬ್ಬರು ಇದ್ದಾರೆ. ಯಂತ್ರವೆಂದರೆ ಅವರಿಗೆ ಮೊದಲಿನಿಂದಲೂ ಅಂಜಿಕೆ. ನಮ್ಮ ಒತ್ತಾಯಕ್ಕಾಗಿ ಅವರು ಆ ಪುಸ್ತಕವನ್ನು ಮುಂದಿಟ್ಟುಕೊಂಡು, ಒಂದು ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಮೂರು ತರಗತಿಗಳ 118 ಬಾಲಿಕೆಯರ ಅಂಕಗಳನ್ನು ಮಧ್ಯಾಹ್ನ ಎರಡು ಗಂಟೆಯಿಂದ ಸಂಜೆ ಐದೂವರೆಯ ತನಕ ಒಂದೊಂದಾಗಿ ಬೆರಳಚ್ಚಿಸಿದರು. ಉಳಿಸುವ ಗುಂಡಿಯನ್ನು ಒತ್ತಿದರು. ಕಡತ ಉಳಿದದ್ದನ್ನು ಕಣ್ಣಾರೆ ಕಂಡರು. ವಿಧಿಪ್ರಕಾರವಾಗಿ ಯಂತ್ರವನ್ನು ಆರಿಸಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಯಂತ್ರವನ್ನು ತೆರೆಯಲಾಗಿ ಏನೂ ಇರಲಿಲ್ಲ. ಅಂಕಗಳನ್ನು ಕಳುಹಿಸಲು ಆ ದಿನವೇ ಕಡೆಯದಾಗಿತ್ತು.

ನಡೆದದ್ದು ಇಷ್ಟೇ. ಪೆನ್‌ಡ್ರೈವಿನಿಂದ ಹೀಗೆ ಎಬ್ಬಿಸಿದಾಗ ಲಿನಕ್ಸ್ ಯಂತ್ರದ ತಾತ್ಕಾಲಿಕ ಸ್ಮರಣೆಯಲ್ಲಿ ಮಾತ್ರ ಕೆಲಸ ಮಾಡುವದು. ಸ್ಥಾಪಿಸುವದಕ್ಕೆ ಮುಂಚೆ ಅದು ನಮ್ಮ ಯಂತ್ರಕ್ಕೆ ಒಪ್ಪುವದೋ ಇಲ್ಲವೋ ಎಂದು ನೋಡಿಕೊಳ್ಳುವದಕ್ಕಾಗಿಯೇ ಈ ಏರ್ಪಾಡು. ಹಾಗೆ ನೋಡುವಾಗ ಬರೆದದ್ದೂ ಉಳಿಸಿದ್ದೂ ಸ್ಲೇಟಿನ ಮೇಲಣ ಬರಹವಿದ್ದಂತೆ. ಯಂತ್ರವು ಆರಿದೊಡನೆ ಒರಸಿಹೋಗುವದು. ಕಾಪಿಪುಸ್ತಕದಲ್ಲಿ ಬರೆದಂತೆ ಉಳಿಯಬೇಕಾದರೆ ಅದನ್ನು ಸ್ಥಾಪಿಸಿರಬೇಕು, ಇಲ್ಲವೆ ಬೇರೊಂದು ಪೆನ್‌ಡ್ರೈವಿನಲ್ಲಿ ಉಳಿಸಬೇಕು. ಈ ಎಚ್ಚರಿಕೆಯು ನಮ್ಮ ಪುಸ್ತಕದಲ್ಲಿ ಇರಲಿಲ್ಲವೆಂದಲ್ಲ. 19ನೆಯ ಪುಟದಲ್ಲಿ, ಸ್ಥಾಪನೆಯ ಅಧ್ಯಾಯದ ಆದಿಯಲ್ಲಿ, ದಪ್ಪಕ್ಷರದಲ್ಲಿಯೇ ಇತ್ತು. ಎಬ್ಬಿಸುವ ವಿಧಾನವಿದ್ದದ್ದು 16ನೆಯ ಪುಟದಲ್ಲಿ. ಅವರು 16ನ್ನು ಓದಿ, ಅದರಂತೆ ಮಾಡಿ, ಯಂತ್ರ ಎದ್ದಿತೆಂದು ಸಂತೋಷಪಟ್ಟು, ಕೆಲಸವನ್ನು ಆರಂಭಿಸಿದ್ದರು. ಯಾರಾದರೂ ಹಾಗೆಯೇ ಮಾಡುವರು.

"ಟೀಚರ್, ಪುಸ್ತಕದಲ್ಲಿ ಹೇಳಿದಂತೆಯೇ ಮಾಡಿದ್ದೇನೆ" ಎಂದು ಅವರು ನಮಗೆ ಹೇಳಿದರು. ಗದ್ಗದಿತರಾಗಿದ್ದರು. ಅದಕ್ಕೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ, ಯಾಕಂದರೆ ಅದು ನಿಜವಾಗಿತ್ತು. ಪಾಠಗಳನ್ನು ಬೇರೆಯವರಿಗೆ ವಹಿಸಿ ನಾವು ನಾಲ್ವರು ಕುಳಿತು ಸಂಜೆಯೊಳಗೆ ಪುನಃ ಎಲ್ಲವನ್ನೂ ಬೆರಳಚ್ಚಿಸಿ ಕಳುಹಿಸಿದೆವು. ಆ ಹಿರಿಯರು ಮಾತ್ರ, ಇನ್ನು ಎರಡು ವರುಷ ಪೆನ್ನಿನಲ್ಲಿಯೇ ಬರೆಯುವೆನು, ನನ್ನನ್ನು ಬಿಟ್ಟುಬಿಡಿರಿ ಎಂದರು. ಅವರು ಕೊಠಡಿಯ ಕಡೆಗೆ ಬಾರದೆ ಇದ್ದ ಆ ಆರು ವಾರಗಳಲ್ಲಿ ನಮ್ಮ ಪುಸ್ತಕವನ್ನು ನಾವು ವಿದ್ಯಾರ್ಥಿನಿಯ ಉತ್ತರಪತ್ರಿಕೆಯನ್ನು ನೋಡುವಂತೆ ಕೆಂಪು ಶಾಯಿ ಹಿಡಿದು ನೋಡಿದೆವು.

ಮೊದಲು ಕಂಡ ತಪ್ಪು ಇದು: ಎರಡು ಜಾತಿಯ ಪುಸ್ತಕಗಳನ್ನು ನಾವು ಒಂದರಲ್ಲಿ ಬೆರಸಿದ್ದೆವು. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಆರಂಭಿಸಿದಂದಿನಿಂದ ಅದರಲ್ಲಿ ಶಾಲಾಪುಸ್ತಕಗಳೂ ಅಚ್ಚಾದವು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟುವೂ ಅಚ್ಚಾಯಿತು. ನಿಘಂಟುವಿನಲ್ಲಿ ಎಲ್ಲವೂ ಇದೆ, ಮತ್ತು ಹುಡುಕುವವನಿಗೆ ಸಿಕ್ಕುವ ಕ್ರಮದಲ್ಲಿ ಇದೆ. ಆದರೆ ಅಕ್ಷರ ಕಲಿಯಲು ಬಂದ ಮಗುವಿನ ಕೈಗೆ ಅದನ್ನು ಯಾರೂ ಕೊಡುವದಿಲ್ಲ, ಬಾಲಬೋಧೆಯನ್ನು ಕೊಡುವರು. ಬಾಲಬೋಧೆಯಲ್ಲಿ ಎಲ್ಲವೂ ಇರುವದಿಲ್ಲ. ಇಂದಿನ ಪಾಠಕ್ಕೆ ಬೇಕಾದದ್ದು ಮಾತ್ರ ಇರುವದು. ಗಣಕಯಂತ್ರದ ಪುಸ್ತಕಗಳಲ್ಲಿಯೂ ಈ ಎರಡು ಜಾತಿಗಳಿವೆ. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚೀ ಎಂಬವರು ತಾವು ನಿರ್ಮಿಸಿದ ಯೂನಿಕ್ಸ್ ಎಂಬ ವ್ಯವಸ್ಥೆಗೆ 1971ನೆಯ ನವೆಂಬರ್ 3ರಂದು ಹೊರತಂದ ಮೊದಲನೆಯ ಕೈಪಿಡಿಯು ನಿಘಂಟಿನ ಜಾತಿಯದು. ಒಂದೊಂದು ಆಜ್ಞೆಗೆ ಒಂದೊಂದು ಪುಟವನ್ನು ಮೀಸಲಿಟ್ಟು ವರ್ಣಾನುಕ್ರಮದಲ್ಲಿ ಜೋಡಿಸಿದ್ದರು. ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಅದರಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿಯೊಂದುಂಟು. ಆ ಪುಟಗಳಲ್ಲಿ 'ದೋಷಗಳು' ಎಂಬ ಒಂದು ತಲೆಬರಹವಿದ್ದು, ತಮ್ಮ ಕೃತಿಯ ಕುಂದುಗಳನ್ನು ಬರೆದವರೇ ಅದರ ಕೆಳಗೆ ಒಪ್ಪಿಕೊಂಡಿದ್ದರು. ಶಾಲಾಪುಸ್ತಕ ಬರೆಯುವವರಲ್ಲಿ ಇಷ್ಟು ವಿನಯವನ್ನು ನಾವು ಕಂಡದ್ದು ಅಪರೂಪ.

ಹೊಸಬರ ಸಂಗತಿ ಬೇರೆ. 1980ರ ದಶಕದಲ್ಲಿ ಐಬಿಎಂ ಕಂಪೆನಿಯ ಸಂಶೋಧನಾಲಯದಲ್ಲಿ ಜಾನ್ ಕ್ಯಾರೊಲ್ ಎಂಬವರು, ಯಂತ್ರವನ್ನು ಹೊಸದಾಗಿ ಕಲಿಯುವವರ ಬಳಿಯಲ್ಲಿ ಕುಳಿತು, ಅವರು ಕೈಪಿಡಿಯನ್ನು ಹೇಗೆ ಉಪಯೋಗಿಸುವರೆಂದು ನೋಡಿದರು. ಅವರು ಕಂಡದ್ದೇನಂದರೆ, ಜನರು ಪುಸ್ತಕವನ್ನು ಮೊದಲಿನಿಂದ ಕಡೆಯ ತನಕ ಓದುವದೇ ಇಲ್ಲ. ಎರಡು ಸಾಲು ಓದಿ, ಕೈಹಾಕಿ, ಸಿಕ್ಕಿಕೊಂಡು, ಆಮೇಲೆ ಪುಸ್ತಕಕ್ಕೆ ಹಿಂತಿರುಗುವರು. ಆದುದರಿಂದ ಕೈಪಿಡಿಯು ಚಿಕ್ಕದಾಗಿರಬೇಕು, ನಿಜವಾದ ಕೆಲಸದಿಂದ ಆರಂಭವಾಗಬೇಕು, ತಪ್ಪಿದವರನ್ನು ಹಿಂದಕ್ಕೆ ಕರೆತರುವ ದಾರಿಯನ್ನು ತೋರಿಸಬೇಕೆಂದು ಅವರ ಮತ. 1990ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು 'ನ್ಯೂರೆಂಬರ್ಗಿನ ಆಲಿಕೆ'. ಶೀಸೆಗೆ ಎಣ್ಣೆ ಹೊಯ್ಯುವಂತೆ ತಲೆಯೊಳಗೆ ವಿದ್ಯೆಯನ್ನು ಹೊಯ್ಯುವ ಆಲಿಕೆಯೊಂದಿತ್ತೆಂಬ ಜರ್ಮನ್ ಹಾಸ್ಯದ ಮಾತಿನಿಂದ ಆ ಹೆಸರನ್ನು ಇಟ್ಟರು. ತಿಳಿದುದರಿಂದ ತಿಳಿಯದುದಕ್ಕೆ, ಸುಲಭದಿಂದ ಕಠಿನಕ್ಕೆ ಹೋಗಬೇಕೆಂದು ತರಬೇತು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದವರೇ. ಆದರೂ ಬರೆಯಲು ಕುಳಿತಾಗ ನಾವೇ ಆಲಿಕೆಯನ್ನು ಹಿಡಿದಿದ್ದೆವು.

ಮಾದರಿಗಾಗಿ ಹುಡುಕಲಾಗಿ, ಉಬುಂಟು ಎಂಬ ಲಿನಕ್ಸಿನ 10.04ನೆಯ ಆವೃತ್ತಿಗೆ 2010ರಲ್ಲಿ ಸ್ವಯಂಸೇವಕರು ಕೂಡಿ ಬರೆದ ಆರಂಭಿಕರ ಕೈಪಿಡಿಯೊಂದು ದೊರೆಯಿತು. (10 ಎಂದರೆ 2010ನೆಯ ವರುಷ, 04 ಎಂದರೆ ಏಪ್ರಿಲ್ ತಿಂಗಳು, ಆ ಅಂಕೆಯಲ್ಲಿ ಬೇರೆ ಗೂಢಾರ್ಥವಿಲ್ಲ.) ಯಾರು ಬೇಕಾದರೂ ನಕಲುಮಾಡಿ ಭಾಷಾಂತರಿಸಿ ಹಂಚಬಹುದೆಂಬ ಅನುಮತಿಯೊಡನೆ ಅದು ಹೊರಬಂದಿತ್ತು. ಸ್ಥಾಪನೆ ಮೊದಲು, ಆಮೇಲೆ ತೆರೆಯ ಪರಿಚಯ, ಆಮೇಲೆ ದಿನದ ಕೆಲಸಗಳು, ಮುದ್ರಣಯಂತ್ರ ಮೊದಲಾದ ಸಲಕರಣೆಗಳು, ತೊಂದರೆಗಳ ಪರಿಹಾರ, ಕಡೆಗೆ ಶಬ್ದಕೋಶ. ಒಳ್ಳೆಯ ಕ್ರಮವೇ. ಆದರೆ ಅದು ತನ್ನ ಮನೆಯಲ್ಲಿ ತಾನೇ ಸ್ಥಾಪಿಸಿಕೊಳ್ಳುವವನಿಗೆ ಬರೆದದ್ದು. ನಮ್ಮ ಬಾಲಿಕೆಯು ಕೊಠಡಿಗೆ ಬರುವಾಗ ಯಂತ್ರವು ಸಿದ್ಧವಾಗಿಯೇ ಇರುವದು. ಹೀಗಿರಲಾಗಿ ಸ್ಥಾಪನೆಯ ಅಧ್ಯಾಯವನ್ನು ನಾವು ಪುಸ್ತಕದಿಂದಲೇ ತೆಗೆದು, ಆರು ಪುಟಗಳ ಬೇರೊಂದು ಹಾಳೆಯಾಗಿ ಮಾಡಿ, ಆಫೀಸಿನ ಕಪಾಟಿನಲ್ಲಿಟ್ಟೆವು. ಅದರ ಮೊದಲನೆಯ ಸಾಲು ಈಗ ಆ ಎಚ್ಚರಿಕೆಯೇ. ಕಾಪುವಿನ ದೀಪಸ್ತಂಭವು 1901ರಿಂದ ಬಂಡೆಯ ಮೇಲೆ ನಿಂತಿರುವದು ದೋಣಿಯು ಬಂಡೆಗೆ ತಗಲುವದಕ್ಕೆ ಮುಂಚೆ ಕಾಣಬೇಕೆಂದಲ್ಲವೆ? ನಾವು ದೀಪವನ್ನು ಬಂಡೆಯಿಂದ ಮೂರು ಪುಟ ಆಚೆಗೆ ಹಚ್ಚಿದ್ದೆವು.

ನೆರೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಪುಸ್ತಕಗಳನ್ನೂ ತರಿಸಿ ನೋಡಿದೆವು. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಿಂದ ಕೈಟ್ ಎಂಬ ಸಂಸ್ಥೆಯಾಗಿರುವ ಶಾಲಾ ಗಣಕಶಿಕ್ಷಣದ ಯೋಜನೆಯು ಉಬುಂಟುವಿನ ಆಧಾರದ ಮೇಲೆ ಸಿದ್ಧಗೊಳಿಸಿದ ಉಚಿತ ವ್ಯವಸ್ಥೆಯನ್ನು ಶಾಲೆಗಳಿಗೆ ಒದಗಿಸುತ್ತದೆ. ಪಠ್ಯಪುಸ್ತಕವು ಕನ್ನಡದಲ್ಲಿಯೂ ಇದೆ. ಅದರ ಶಬ್ದಗಳಿಂದ ನಮಗೆ ಉಪಕಾರವಾಯಿತು. ಆದರೆ ಅದು ಉಪಾಧ್ಯಾಯಿನಿಯು ಎದುರಿಗೆ ನಿಂತಿರುವಾಗ ಓದುವ ಪುಸ್ತಕ. ನಮಗೆ ಬೇಕಾಗಿದ್ದದ್ದು ಸಂಜೆ ಕೊಠಡಿಯಲ್ಲಿ ಯಾರೂ ಇಲ್ಲದಾಗ ಕೈ ಹಿಡಿಯುವ ಪುಸ್ತಕ.

ಹೊಸ ಪುಸ್ತಕದ ಒಂದನೆಯ ಪಾಠವು ಯಂತ್ರವನ್ನು ಆರಿಸುವ ವಿಧಾನವಾಗಿದೆ. ಇದನ್ನು ಕೇಳಿ ಅನೇಕರು ನಕ್ಕರು. ನಮ್ಮ ಅನುಭವದಲ್ಲಿ ಹೊಸಬರ ಭಯವು, ಏನಾದರೂ ಹಾಳಾದರೆ ಏನು ಮಾಡಲಿ ಎಂಬದೇ. ಹೊರಗೆ ಹೋಗುವ ಬಾಗಿಲು ಎಲ್ಲಿದೆಯೆಂದು ಗೊತ್ತಿದ್ದವಳು ಒಳಗೆ ಧೈರ್ಯದಿಂದ ಕೂರುವಳು. ಎಡಗಡೆಯ ಕೆಳಮೂಲೆಯಲ್ಲಿರುವ ಮೆನು ಎಂಬದನ್ನು ತೆರೆದು ಯಂತ್ರವನ್ನು ಆರಿಸಿ, ಪುನಃ ಹೊತ್ತಿಸುವದು, ಇಷ್ಟೇ ಮೊದಲನೆಯ ದಿನದ ಕೆಲಸ.

ಎರಡನೆಯ ಪಾಠದಲ್ಲಿ 'ಅಮ್ಮ' ಎಂದು ಕನ್ನಡದಲ್ಲಿ ಬರೆಯುವದು. ಇಲ್ಲಿ ನಮ್ಮ ಜಿಲ್ಲೆಗೆ ಅಭಿಮಾನದ ಸಂಗತಿಯೊಂದಿದೆ. ಕಿನ್ನಿಕಂಬಳದವರಾದ, ಮಣಿಪಾಲದೊಡನೆ ನಂಟುಳ್ಳ ಶ್ರೀ ಕೆ. ಪಿ. ರಾವ್ ಅವರು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ಉಚ್ಚಾರಣೆಗೆ ಅನುಸಾರವಾಗಿ ಹಂಚಿದ ವಿನ್ಯಾಸವನ್ನು ರೂಪಿಸಿದರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇಟ್ಟಿದ್ದರು. ಅವರ ವಿನ್ಯಾಸವೇ ಕರ್ನಾಟಕದಲ್ಲಿ ರೂಢಿಗೆ ಬಂದು, ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೂ ಸೇರಿದೆ. ಬೇರೆ ಯಾವ ತಂತ್ರಾಂಶವನ್ನೂ ತರಬೇಕಾಗಿಲ್ಲ. ಪಟ್ಟಿಯಿಂದ ಆರಿಸಿದರೆ ಸಾಕು. 'ಎ' ಒತ್ತಿದರೆ ಅ. 'ಎಂ' ಒತ್ತಿದರೆ ಮ. ಒತ್ತಕ್ಷರಕ್ಕೆ ನಡುವೆ 'ಎಫ್'. ಆದುದರಿಂದ ಎ, ಎಂ, ಎಫ್, ಎಂ ಎಂದು ನಾಲ್ಕು ಒತ್ತಿದರೆ ಅಮ್ಮ. ಕಾಗುಣಿತ ಬಲ್ಲ ಹುಡುಗಿಗೆ ಇದನ್ನು ಕಲಿಯಲು ಅರ್ಧ ಗಂಟೆ ಸಾಕು. ತಾನು ಒತ್ತಿದ್ದು ಕನ್ನಡವಾಗಿ ತೆರೆಯ ಮೇಲೆ ಮೂಡಿದಾಗ ಆಕೆಯ ಮುಖವನ್ನು ನೋಡಬೇಕು.

ಮೂರನೆಯದು ಉಳಿಸುವ ಪಾಠ. ನಾಲ್ಕನೆಯದು ಉಳಿಸಿದ್ದನ್ನು ಮರುದಿನ ಹುಡುಕಿ ತೆಗೆಯುವದು. ಹಳೆಯ ಪುಸ್ತಕದಲ್ಲಿ ಇವುಗಳ ನಡುವೆ 20 ಪುಟಗಳಿದ್ದವು! ಬರೆದ ಪತ್ರವನ್ನು ಪಿಡಿಎಫ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಗೆ ಕೊಂಡುಹೋಗುವದು ಐದನೆಯದು. ಹಾಗೆ ಮಾಡದಿದ್ದರೆ ಅಂಗಡಿಯ ಯಂತ್ರದಲ್ಲಿ ಅಕ್ಷರರೂಪಗಳೂ ಸಾಲುಗಳೂ ಸ್ಥಳಬಿಟ್ಟು ಹೋಗುವದುಂಟು. ಒಂದೊಂದು ಪಾಠವೂ ಒಂದು ಮುಗಿದ ಕೆಲಸದಲ್ಲಿ ನಿಲ್ಲಬೇಕೆಂದು ನಿಯಮ ಮಾಡಿಕೊಂಡೆವು. ಆರಂಭದಲ್ಲಿಯೇ, ಈ ಪಾಠಕ್ಕೆ ಮುಂಚೆ ಯಾವ ಪಾಠ ಬಂದಿರಬೇಕು ಎಂದು ಒಂದು ಸಾಲು ಹಾಕಿದೆವು, ಯಾಕಂದರೆ ಕಾಪುವಿನಿಂದ ಬರುವ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕವನ್ನು ಕೈಗೆ ಕೊಟ್ಟೊಡನೆ ನೇರವಾಗಿ ಚಿತ್ರಗಳ ಪಾಠಕ್ಕೆ ಹಾರಿದಳು. ಅವಳನ್ನು ಗದರಿಸಿ ಫಲವಿಲ್ಲ. ಪುಸ್ತಕವೇ ಅವಳನ್ನು ಅಲ್ಲಿ ಎದುರುಗೊಳ್ಳಬೇಕು. ಪಾಠದ ಕೊನೆಯಲ್ಲಿ, ಆ ಯೂನಿಕ್ಸಿನವರನ್ನು ನೆನೆದು, 'ಇಲ್ಲಿ ತಪ್ಪುವದುಂಟು' ಎಂಬ ತಲೆಬರಹದ ಕೆಳಗೆ ಆಗಬಹುದಾದ ತಪ್ಪನ್ನೂ ಅದರಿಂದ ಹಿಂತಿರುಗುವ ದಾರಿಯನ್ನೂ ಬರೆದೆವು. ಆದರೆ ಕೆಲಸವನ್ನೇ ಅಳಿಸಿಬಿಡುವಂಥ ತಪ್ಪು ಯಾವದೋ, ಅದರ ಎಚ್ಚರಿಕೆ ಮಾತ್ರ ಕಡೆಯಲ್ಲಿರದು. ಆ ಹೆಜ್ಜೆಯ ಮೇಲಿನ ಸಾಲಿನಲ್ಲಿಯೇ ಇರುವದು.

ನಾವು ಎಣಿಸದೆ ಇದ್ದ ಒಂದು ಕಷ್ಟಕ್ಕೆ ಪೂರ್ತಿ ನಾಲ್ಕು ಪುಟ ಕೊಡಬೇಕಾಯಿತು. ಉಪಾಧ್ಯಾಯಿನಿಯರು ಹೊಸ ಯಂತ್ರದಲ್ಲಿ ಮೊದಲು ತೆರೆದದ್ದು ತಮ್ಮ ಹಳೆಯ ಪ್ರಶ್ನೆಪತ್ರಿಕೆಗಳನ್ನೇ. ಅವು ಕನ್ನಡವಾಗಿ ಕಾಣದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಕ್ರಮದಲ್ಲಿ, ಯಂತ್ರದ ಮಟ್ಟಿಗೆ ಬರಹವು ಇಂಗ್ಲಿಷ್ ಅಕ್ಷರವೇ ಆಗಿದ್ದು, ವಿಶೇಷವಾದ ಅಕ್ಷರರೂಪವೊಂದು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ವೇಷ ಕಳಚಿಹೋಗುವದು. ಈಗಿನ ಯುನಿಕೋಡ್ ಕ್ರಮದಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೇ ಆದ ಸಂಖ್ಯೆಯುಂಟು. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನಗಳಿವೆ; ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ಓದಿ ತಿದ್ದಬೇಕು. ಹಳೆಯ ಪುಸ್ತಕದಲ್ಲಿ ಲಿನಕ್ಸಿನ ಚರಿತ್ರೆಗೆ ಐದು ಪುಟಗಳಿದ್ದವು, ಈ ಸಂಗತಿಗೆ ಒಂದು ಸಾಲೂ ಇರಲಿಲ್ಲ.

ಶಬ್ದಗಳ ವಿಷಯದಲ್ಲಿ ನಮ್ಮೊಳಗೆ ವಾದವಾಯಿತು. ತೆರೆಯನ್ನೇ ಕನ್ನಡಕ್ಕೆ ಬದಲಾಯಿಸಿದರೆ ಫೈಲ್ ಎಂಬದು ಕಡತವೆಂದೂ, ಫೋಲ್ಡರ್ ಎಂಬದು ಕಡತಕೋಶವೆಂದೂ ಕಾಣುವದು. ಸ್ವಯಂಸೇವಕರು ಪ್ರೀತಿಯಿಂದ ಮಾಡಿದ ಕೆಲಸ ಅದು. ಆದರೆ ಎಲ್ಲ ಕಡೆಯೂ ಭಾಷಾಂತರ ಪೂರ್ತಿಯಾಗಿಲ್ಲ. ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಆದಾಗ ಹೊಸಬರು ಎರಡರಲ್ಲಿಯೂ ತಡವರಿಸುವರು. ತೆರೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಪುಸ್ತಕವನ್ನು ಕನ್ನಡದಲ್ಲಿ ಬರೆದು, ಗುಂಡಿಯ ಮೇಲೆ ಕಾಣುವ ಹೆಸರನ್ನು ಕಂಡಂತೆಯೇ ಹೇಳುವದೆಂದು ನಾವು ತೀರ್ಮಾನಿಸಿದೆವು. ನಮ್ಮ ಕನ್ನಡ ಪಂಡಿತೆಯವರು ಇದಕ್ಕೆ ಇನ್ನೂ ಒಪ್ಪಿಲ್ಲ. ಅವರ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾವೂ ಹೇಳಲಾರೆವು. ಮಣಿಪಾಲದ ಹುಡುಗಿಗೂ ನಮಗೂ ಬೇರೊಂದು ವಾದ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದರೆ ಆಗುವದಕ್ಕೆ ಆರು ಚಿತ್ರಗಳೇಕೆ ಎಂದು ಅವಳು ಕೇಳಿದಳು. ಬಲ್ಲವಳಿಗೆ ಅದು ಸರಿಯೇ. ಅವಳ ಸಾಲುಗಳು ಪುಸ್ತಕದ ಕಡೆಯ ಎರಡು ಪುಟಗಳಲ್ಲಿವೆ.

ಚಿತ್ರಗಳ ಬಗ್ಗೆ ಇಷ್ಟು ಸಾಕು: ಕೆಂಪು ಬಾಣದ ಗುರುತುಗಳನ್ನು ಹಾಕಿ, 'ಕೆಂಪು ಗುರುತನ್ನು ನೋಡಿ' ಎಂದು ಬರೆದು, ಎಲ್ಲವನ್ನೂ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದೆವು. ಈಗ ಬಾಣಗಳ ಬದಲಿಗೆ ಅಂಕೆಗಳಿವೆ.

ಪುಸ್ತಕವನ್ನು ಪರೀಕ್ಷಿಸುವದು ಎಲ್ಲದಕ್ಕಿಂತ ಕಠಿನವಾಯಿತು. ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಮಾಡುವ ತಾಯಿಯೊಬ್ಬರನ್ನು ಒಂದು ಶನಿವಾರ ಕರೆದೆವು. ಮೊಬೈಲನ್ನು ಚೆನ್ನಾಗಿ ಬಲ್ಲವರು. ಗಣಕಯಂತ್ರವನ್ನು ಎಂದೂ ಮುಟ್ಟಿದವರಲ್ಲ. ಪುಸ್ತಕವನ್ನು ಕೈಗೆ ಕೊಟ್ಟು, ನಾವು ಹಿಂದೆ ಕುಳಿತೆವು. ಬಾಯಿ ತೆರೆಯಬಾರದು, ಕೈ ಚಾಚಬಾರದು ಎಂಬದು ನಾವೇ ಮಾಡಿಕೊಂಡ ನಿಯಮ. ಇಪ್ಪತ್ತು ವರುಷ ಪಾಠ ಹೇಳಿದವರಿಗೆ ಇದು ಎಂಥ ಶಿಕ್ಷೆಯೆಂದು ವಾಚಕರು ಊಹಿಸಬಹುದು. ಅವರು 'ಮೆನುವನ್ನು ಒತ್ತಿರಿ' ಎಂಬದನ್ನು ಓದಿ, ತೆರೆಯ ಮೂಲೆಯನ್ನು ಬೆರಳಿನಿಂದ ಒತ್ತಿದರು. ಏನೂ ಆಗಲಿಲ್ಲ. ಇನ್ನೂ ಬಲವಾಗಿ ಒತ್ತಿದರು. ಆಮೇಲೆ ಹಿಂತಿರುಗಿ, "ಟೀಚರ್, ಇದು ಹಾಳಾಗಿದೆಯಾ, ಅಲ್ಲ ನಾನು ಹಾಳುಮಾಡಿದೆನಾ?" ಎಂದು ಕೇಳಿದರು. ತಪ್ಪು ಪುಸ್ತಕದ್ದು. ಮೊಬೈಲಿನಿಂದ ಬರುವವರಿಗೆ ತಿಳಿದದ್ದು ಬೆರಳು, ತಿಳಿಯದ್ದು ಮೌಸ್. ಈ ತೆರೆಗೆ ಬೆರಳು ತಿಳಿಯದು, ಮೌಸಿನ ಎಡಗುಂಡಿಯೇ ನಿಮ್ಮ ಬೆರಳು, ಎಂಬ ಸಾಲು ಆ ದಿನವೇ ಒಂದನೆಯ ಪಾಠದ ತಲೆಗೆ ಏರಿತು. ಮಧ್ಯಾಹ್ನದೊಳಗೆ ಅವರು ತಮ್ಮ ಮಗಳ ಹೆಸರನ್ನು ಬರೆದು, ಉಳಿಸಿ, ಯಂತ್ರವನ್ನು ಆರಿಸಿ, ಪುನಃ ಹೊತ್ತಿಸಿ ಹುಡುಕಿ ತೆಗೆದರು. ಹೀಗೆ ಒಂಬತ್ತು ಜನರ ಹಿಂದೆ ಕುಳಿತೆವು. ಪ್ರತಿಯೊಬ್ಬರೂ ನಾವು ಸ್ಪಷ್ಟವೆಂದು ಎಣಿಸಿದ ಯಾವದಾದರೊಂದು ವಾಕ್ಯದಲ್ಲಿ ನಿಂತರು.

ಆ ಹಿರಿಯ ಉಪಾಧ್ಯಾಯಿನಿಯವರ ಬಳಿಗೆ ನಾವು ಹೊಸ ಕರಡನ್ನು ಒಯ್ದದ್ದು ಕಲಿಯಿರಿ ಎಂದು ಕೇಳುವದಕ್ಕಲ್ಲ. ನಾವು ಬರೆದದ್ದನ್ನು ತಿದ್ದಿರಿ ಎಂದು ಕೇಳುವದಕ್ಕೆ. ಎರಡು ದಿನ ಇಟ್ಟುಕೊಂಡು ಹಿಂದಕ್ಕೆ ಕೊಟ್ಟರು. ಸ್ಥಾಪನೆಯ ಹಾಳೆಯ ಮೊದಲನೆಯ ಪುಟದಲ್ಲಿ ನಾವು ಬರೆದ ಎಚ್ಚರಿಕೆಯನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ದುಂಡಾದ ಅಕ್ಷರದಲ್ಲಿ ಹೀಗೆ ಬರೆದಿದ್ದರು: 'ಇದು ಸ್ಲೇಟು. ಇಲ್ಲಿ ಉಳಿಸಿದ್ದು ಉಳಿಯುವದಿಲ್ಲ. ಅಂಕಗಳನ್ನು ಇಲ್ಲಿ ಬರೆಯಬೇಡಿರಿ.' ನಮ್ಮ ಐದು ಸಾಲುಗಳಿಗಿಂತ ಅದು ಒಳ್ಳೆಯದಾಗಿತ್ತು. ಅವರ ಕೈಬರಹವನ್ನೇ ಹಾಗೆಯೇ ಜೆರಾಕ್ಸ್ ಮಾಡಿಸಿದ್ದೇವೆ. ಮುಂದಿನ ಅಂಕಗಳನ್ನು ಅವರು ಯಂತ್ರದಲ್ಲಿಯೇ ಬರೆದರು. ಪ್ರತಿ ಹತ್ತು ಹೆಸರಿಗೊಮ್ಮೆ ಉಳಿಸುತ್ತಾರೆ, ಮತ್ತು ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೈಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಆ ಅಭ್ಯಾಸವನ್ನು ನಾವು ಈಗ ಎಲ್ಲರಿಗೂ ಹೇಳುತ್ತೇವೆ.

ಪುಸ್ತಕದ ಹೊದಿಕೆಯ ಮೇಲೆ ಯಾವ ಆವೃತ್ತಿಗೆ ಬರೆದದ್ದೆಂದು ದೊಡ್ಡದಾಗಿ ಹಾಕಿದೆ, ಯಾಕಂದರೆ 2029ರ ನಂತರ ಇದರ ಚಿತ್ರಗಳು ತೆರೆಗೆ ಹೊಂದಲಿಕ್ಕಿಲ್ಲ. ಮುದ್ರಣಯಂತ್ರವನ್ನು ಜೋಡಿಸುವ 11ನೆಯ ಪಾಠವು ಇನ್ನೂ ಚೆನ್ನಾಗಿಲ್ಲ. ಮೂವರು ಅದರಲ್ಲಿ ಸಿಕ್ಕಿಕೊಂಡಿದ್ದಾರೆ. ಪ್ರತಿಗಳು ಬೇಕಾದ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಆಫೀಸಿನಲ್ಲಿ ಜೆರಾಕ್ಸಿನ ಖರ್ಚನ್ನು ಕೊಟ್ಟು ಪಡೆಯಬಹುದು. ನಕಲುಮಾಡಿ ಹಂಚುವದಕ್ಕೆ ನಮ್ಮ ಅಭ್ಯಂತರವಿಲ್ಲ. ಪ್ರತಿಯೊಂದರ ಕೊನೆಯಲ್ಲಿ ಒಂದು ಖಾಲಿ ಹಾಳೆಯನ್ನು ಹೊಲಿದಿದೆ. ಓದುವಾಗ ಯಾವ ಪುಟದ ಯಾವ ಸಾಲಿನಲ್ಲಿ ನಿಂತಿರೆಂಬದನ್ನು ಅದರಲ್ಲಿ ಬರೆದು, ಹಾಳೆಯನ್ನು ಹರಿದು, ಶಾಲೆಗೆ ಬರುವ ನಿಮ್ಮ ಮಗಳ ಕೈಯಲ್ಲಿ ಕಳುಹಿಸಿರಿ.